ಆರು ಅಂಕಿಯ ಮಹಜರು

ಕಣ್ಣಿನ ಪೊರೆ ತೆಗೆಸಿಕೊಂಡ ಮೇಲೆ ಒಂದು ತಿಂಗಳು ಕಂಪ್ಯೂಟರ್ ಮುಟ್ಟಬಾರದು ಎಂದು ಡಾಕ್ಟರು ಹೇಳಿದ್ದನ್ನು ಹಿದಾಯತುಲ್ಲಾ ಅವರಿಗಿಂತ ಅವರ ಹೆಂಡತಿ ಕುಬ್ರಾ ಹೆಚ್ಚು ಗಂಭೀರವಾಗಿ ತೆಗೆದುಕೊಂಡರು. ಲ್ಯಾಪ್‌ಟಾಪನ್ನು ಬೀರುವಿನಲ್ಲಿ ರಜಾಯಿಗಳ ಕೆಳಗಿಟ್ಟು ಬೀಗ ಹಾಕಿ, ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು. ಮೂವತ್ತೊಂದನೆಯ ದಿನ ಬೆಳಿಗ್ಗೆ ಬೀಗ ತೆರೆಯಿತು. ತರೀಕೆರೆಯ ಆ ಮನೆಯ ನಡುಮನೆಯಲ್ಲಿ ಕೂತು, ಹೊಸ ಕಣ್ಣಿನಿಂದ ಹಿದಾಯತುಲ್ಲಾ ತಮ್ಮ ಬ್ಲಾಗು ತೆರೆದರೆ, ಬ್ಲಾಗೇ ಇರಲಿಲ್ಲ. ಅದರ ಜಾಗದಲ್ಲಿ ಒಬ್ಬ ಬಿಳಿಯ ಹೆಂಗಸು ನಗುತ್ತಾ, ಈ ಹೆಸರು ನಿಮ್ಮದಾಗಬಹುದು ಎಂದು ಇಂಗ್ಲಿಷಿನಲ್ಲಿ ಹೇಳುತ್ತಿದ್ದಳು.

"ಅದು ನಂದೇ," ಅಂದರು ಹಿದಾಯತುಲ್ಲಾ, ಆ ಹೆಂಗಸಿಗೆ.

ಬ್ಲಾಗಿನ ಹೆಸರು 'ಹದ್ದುಬಸ್ತು'. ಜಮೀನಿನ ಗಡಿಯನ್ನು ಅಳೆದು ಕಲ್ಲು ನೆಟ್ಟು ಗುರುತಿಸುವುದಕ್ಕೆ ಸರ್ವೆ ಇಲಾಖೆಯಲ್ಲಿ ಹಾಗೆನ್ನುತ್ತಾರೆ. ಅವರು ಮೂವತ್ತನಾಲ್ಕು ವರ್ಷ ಸರ್ವೆಯರ್ ಆಗಿ ಕಡೂರು, ಬೀರೂರು, ಅಜ್ಜಂಪುರದ ಹೊಲಗಳನ್ನೆಲ್ಲ ತುಳಿದಿದ್ದವರು. ಒಂದು ಅಡಿ ಬದುವಿಗಾಗಿ ಅಣ್ಣತಮ್ಮಂದಿರು ಆಡಿದ ಮಾತುಗಳನ್ನು ಕೇಳಿಸಿಕೊಂಡು ಸುಮ್ಮನಿರುವುದು ಸಂಬಳದ ಕೆಲಸವಾಗಿತ್ತು. ಅದನ್ನು ಬರೆಯುವುದು ಸಂಬಳವಿಲ್ಲದ ಕೆಲಸವಾಯಿತು. ಹನ್ನೊಂದು ವರ್ಷದಲ್ಲಿ ಮುನ್ನೂರ ನಲವತ್ತು ಬರಹ, ನಲವತ್ತೊಂದು ಜನ ಕಾಯಂ ಓದುಗರು. ಪ್ರತಿ ಶುಕ್ರವಾರ ನಮಾಜು ಮುಗಿಸಿ ಬಂದು ಪ್ಲಗಿನ್ನುಗಳನ್ನು ಅಪ್‌ಡೇಟ್ ಮಾಡುತ್ತಿದ್ದರು, ಕೆಟ್ಟ ಕೊಂಡಿಗಳನ್ನು ಸರಿಪಡಿಸುತ್ತಿದ್ದರು, ಅಕ್ಷರದ ಗಾತ್ರವನ್ನು ಹದಿನಾರರಿಂದ ಹದಿನೇಳಕ್ಕೆ ಏರಿಸಿ ಮುಂದಿನ ಶುಕ್ರವಾರ ಮತ್ತೆ ಇಳಿಸುತ್ತಿದ್ದರು. ಬರಹಗಳ ನಕಲನ್ನು ಮಾತ್ರ ಎಲ್ಲೂ ಇಟ್ಟಿರಲಿಲ್ಲ. ಸರ್ವೀಸಿನಲ್ಲಿ ಒಂದು ಚೀಟಿಯನ್ನೂ ಮೂರು ಪ್ರತಿ ತೆಗೆಯದೆ ಬಿಟ್ಟವರಲ್ಲ. ಇಂಟರ್ನೆಟ್ಟು ದೊಡ್ಡವರ ಜವಾಬ್ದಾರಿ ಎಂದುಕೊಂಡಿದ್ದರು.

ಅರುವತ್ತು ಎಪ್ಪತ್ತು ಬರಹಗಳು ಗಿರಿಯಪ್ಪ ಹೇಳಿದ್ದು. ಅಳತೆಯ ಸರಪಳಿಯ ಇನ್ನೊಂದು ತುದಿ ಹಿಡಿದು ಇಪ್ಪತ್ತು ವರ್ಷ ಜೊತೆಗೆ ನಡೆದವನು ಗಿರಿಯಪ್ಪ. ಓದುಬರಹ ಬಾರದವನು, ಹೋಗಿ ನಾಲ್ಕು ವರ್ಷವಾಯಿತು. ಅವನ ಮಾತು ಭೂಮಿಯ ಮೇಲೆ ಉಳಿದಿದ್ದರೆ ಆ ಬ್ಲಾಗಿನಲ್ಲಿ ಮಾತ್ರ.

"ಹೋಗಿದ್ದು ಬ್ಲಾಗು ತಾನೇ, ಕಣ್ಣು ಬಂತಲ್ಲ," ಅಂದರು ಕುಬ್ರಾ. ಮನೆಮಾತು ದಖ್ಖನಿಯಲ್ಲಿ ಇದು ಇನ್ನೂ ಸ್ವಲ್ಪ ಖಾರವಾಗಿತ್ತು.

ಹಿದಾಯತುಲ್ಲಾ ರೌಟರನ್ನು ಆರಿಸಿ ಹಚ್ಚಿದರು, ಬ್ರೌಸರಿನ ನೆನಪನ್ನು ಅಳಿಸಿದರು, ಫೋನಿನಲ್ಲಿ ನೋಡಿದರು. ಬಿಳಿಯ ಹೆಂಗಸು ಎಲ್ಲ ಕಡೆಯೂ ನಗುತ್ತಿದ್ದಳು. ಕೊನೆಗೆ ಹೆಸರು ಮತ್ತು ಜಾಗ ಎರಡನ್ನೂ ಬಾಡಿಗೆಗೆ ಕೊಟ್ಟ ಕಂಪನಿಯ ಚಾಟಿಗೆ ಹೋದರು. ಮನುಷ್ಯನೋ ಯಂತ್ರವೋ ತಿಳಿಯದ ಒಂದು ವ್ಯಕ್ತಿ ಬಹಳ ವಿನಯದಿಂದ ವಿವರಿಸಿತು: ಐದು ವರ್ಷದ ವಾಯಿದೆ ಮುಗಿದಿದೆ, ಎಚ್ಚರಿಕೆಗಳನ್ನು ಮೊಬೈಲಿಗೆ ಕಳಿಸಿದ್ದೇವೆ, ನವೀಕರಿಸಲು ಇವತ್ತು ಸಂಜೆ ಐದೂವರೆಯವರೆಗೆ ಅವಕಾಶವಿದೆ, ಆಮೇಲೆ ಎಲ್ಲವನ್ನೂ ಅಳಿಸಲಾಗುವುದು. ಲಾಗಿನ್ ಆಗಲು ನಲವತ್ತೇಳರಲ್ಲಿ ಕೊನೆಯಾಗುವ ನಿಮ್ಮ ಮೊಬೈಲಿಗೆ ಒಟಿಪಿ ಬರುತ್ತದೆ.

ನಲವತ್ತೇಳು ಅವರ ಹಳೆಯ ಸಿಮ್ಮು. ನಿವೃತ್ತರಾದಾಗ ಬಿಟ್ಟಿದ್ದರು. ಸಿಮ್ಮಿನ ಕಂಪನಿಯವರು ಆ ನಂಬರನ್ನು ಬೇರೆ ಯಾರಿಗೋ ಕೊಟ್ಟಿರಬೇಕು. ತಮ್ಮದೇ ಹಳೆಯ ನಂಬರಿಗೆ ಫೋನು ಮಾಡಿದರು.

"ಹಲೋ, ನಾನು ತರೀಕೆರೆಯಿಂದ ಹಿದಾಯತುಲ್ಲಾ ಅಂತ. ನಿಮ್ಮ ಮೊಬೈಲಿಗೆ ಒಂದು ಒಟಿಪಿ ಬರುತ್ತೆ..."

"ಬಂದ್ಯೇನಪ್ಪಾ," ಅಂದಿತು ಒಂದು ಹೆಣ್ಣು ದನಿ. "ಈ ವಾರ ಯಾರೂ ಕೇಳ್ಲಿಲ್ವಲ್ಲ ಅನ್ಕೊಂಡಿದ್ದೆ. ಲಾಟ್ರಿ ಹೊಡ್ದಿದ್ಯೋ, ಕರೆಂಟ್ ಕಟ್ ಮಾಡ್ತೀಯೋ?"

"ಅಲ್ಲಮ್ಮಾ, ನನ್ನ ಬ್ಲಾಗು..."

"ಓ, ಇದು ಹೊಸಾದು." ಫೋನು ಕಟ್ಟಾಯಿತು.

ಎರಡನೇ ಸಲ ಅವರು ತಾವು ನಿವೃತ್ತ ಸರ್ಕಾರಿ ನೌಕರ ಎಂದು ಶುರುಮಾಡಿದರು.

"ಹೋದ್ಸಲ ಮಾಡ್ದೋನು ಪೊಲೀಸ್ ಕಮೀಷನರ್ ಅಂದಿದ್ದ. ನೀನು ಒಸಿ ಇಳ್ದಿದೀಯ."

ಮೂರನೇ ಸಲ ಕುಬ್ರಾ ಫೋನು ಕಿತ್ತುಕೊಂಡರು. "ಅಕ್ಕಾ, ಈತ ಬೆಳಿಗ್ಗೆಯಿಂದ ತಿಂಡಿ ತಿಂದಿಲ್ಲ, ನನಗೂ ತಿನ್ನೋಕೆ ಬಿಟ್ಟಿಲ್ಲ. ನಿಮ್ಮೂರು ಯಾವ್ದು ಹೇಳಿ, ಅಲ್ಲಿಗೇ ಕಳಿಸ್ಬಿಡ್ತೀನಿ."

ಆ ಕಡೆಯ ದನಿ ಸ್ವಲ್ಪ ಇಳಿಯಿತು. "ಅಜ್ಜಂಪುರ. ಸ್ಟೇಷನ್ ರೋಡಲ್ಲಿ ಈರುಳ್ಳಿ ಹುಲಿಗೆಮ್ಮ ಅಂದ್ರೆ ಯಾರಾದ್ರೂ ತೋರಿಸ್ತಾರೆ. ಕಳ್ಳ ಆದ್ರೆ ಬರಕ್ಕಿಲ್ಲ. ಬಂದ್ರೆ ನೋಡಣ."

ಲ್ಯಾಪ್‌ಟಾಪನ್ನು ಎದೆಗವಚಿಕೊಂಡು ಹಿದಾಯತುಲ್ಲಾ ಬಸ್ಸು ಹತ್ತಿದರು. ಅಜ್ಜಂಪುರದಲ್ಲಿ ಇಳಿದಾಗ ಎರಡೂವರೆ.

ಹುಲಿಗೆಮ್ಮ ಮನೆಮುಂದೆ ಗೋಣಿತಾಟು ಹಾಸಿಕೊಂಡು ಈರುಳ್ಳಿಯ ಜುಟ್ಟು ಕತ್ತರಿಸುತ್ತಿದ್ದರು. ಅರವತ್ತರ ಆಸುಪಾಸು, ಸ್ತ್ರೀಶಕ್ತಿ ಸಂಘದ ಅಧ್ಯಕ್ಷೆ. ಬ್ಯಾಂಕಿನವರು ಆಡಿಸಿದ ಜಾಗೃತಿ ನಾಟಕದಲ್ಲಿ, ಒಟಿಪಿ ಹೇಳಿ ಮೋಸಹೋಗುವ ಪೆದ್ದಿಯ ಪಾತ್ರ ಇವರದು. ಮೂರು ಊರಿನಲ್ಲಿ ಮೂರು ಸಲ ಒಟಿಪಿ ಹೇಳಿ, ಮೂರು ಸಲ ನೆಲಕ್ಕೆ ಬಿದ್ದು ಅತ್ತಿದ್ದರು. ನಾಲ್ಕನೆಯದಕ್ಕೆ ಅವರು ಸಿದ್ಧರಿರಲಿಲ್ಲ.

"ಒಂದು ತಿಂಗಳಿಂದ ನಿಮ್ಮ ಮೆಸೇಜು ಬತ್ತಾವೆ ಸಾಬ್ರೇ," ಅಂದರು. "ಎದುರುಮನೆ ವಿಶಾಲಾಕ್ಷಮ್ಮನ ಕೈಲಿ ಓದಿಸ್ದೆ. ನಿನ್ನ ಹೆಸ್ರು ಇನ್ನು ಏಳು ದಿನಕ್ಕೆ ಮುಗೀತದೆ ಅಂದ್ಲು. ನಾನು ಮಗಳನ್ನ ಊರಿಂದ ಕರೆಸ್ಕೊಂಡಿದ್ದೆ."

ಹಿದಾಯತುಲ್ಲಾ ಕ್ಷಮೆ ಕೇಳಿದರು, ತಾವು ಸರ್ವೆಯರ್ ಆಗಿದ್ದವರು ಎಂದರು. ಆಮೇಲೆ ತಮಗೆ ಗೊತ್ತಿದ್ದ ಭಾಷೆಯಲ್ಲೇ ವಿವರಿಸಿದರು. "ನೋಡಿ ತಾಯಿ, ಜಾಗ ನಂದು, ಅದರಲ್ಲಿ ಬೆಳೆದಿರೋದೂ ನಂದು. ಆದರೆ ಖಾತೇಲಿ ಹಳೇ ನಂಬರಿದೆ. ಆ ನಂಬರು ಈಗ ನಿಮ್ಮ ಅನುಭವದಲ್ಲಿದೆ."

"ಅಂಗಂದ್ರೆ ನಿಮ್ಮ ಖಾತೆ ನನ್ನ ಕೈಲೈತೆ."

"ಒಂದು ರೀತೀಲಿ."

"ಎಷ್ಟು ವರ್ಷದಿಂದ?"

"ಮೂರು."

"ಇನ್ನೊಂದೆರಡು ವರ್ಷ ಸುಮ್ನಿದ್ದಿದ್ರೆ ನಂದೇ ಆಗ್ಬಿಡ್ತಿತ್ತು."

"ಎರಡಲ್ಲ, ಒಂಬತ್ತು. ಒಟ್ಟು ಹನ್ನೆರಡು ವರ್ಷ ನಿರಾತಂಕವಾಗಿ ಅನುಭವಿಸಿರಬೇಕು," ಎಂದು ಹಿದಾಯತುಲ್ಲಾ ತಿದ್ದಿದರು. ತಿದ್ದದೆ ಇರಲು ಅವರಿಗೆ ಬರುತ್ತಿರಲಿಲ್ಲ.

ಹುಲಿಗೆಮ್ಮ ಕುಡುಗೋಲು ಕೆಳಗಿಟ್ಟರು. "ನೀವು ಸರ್ವೇರು ತಾನೇ. ನಮ್ಮಪ್ಪನ ಹೊಲಕ್ಕೆ ಕಲ್ಲು ನೆಡೋಕೆ ಬಂದಿದ್ದ ಸರ್ವೇರು, ಮಾಜರಿಲ್ದೆ ಒಂದು ಗೂಟಾನೂ ಹೊಡೀಲಿಲ್ಲ. ಅಕ್ಕಪಕ್ಕದೋರು ಬರೋ ಗಂಟ ಮರದಡೀಲಿ ಮಲಗಿದ್ದ. ಇದಕ್ಕೂ ಮಾಜರಾಗ್ಲಿ. ನಾಳೆ ನಂಗೆ ಏನಾರ ಆದ್ರೆ ಕಾಗ್ದ ಇರ್ಬೇಕು."

ಸ್ಥಳದಲ್ಲೇ ಪಂಚರನ್ನು ಕೂರಿಸಿ, ನಡೆದದ್ದನ್ನು ಬರೆದು ಸಹಿ ಹಾಕಿಸುವ ಮಹಜರನ್ನು ಹಿದಾಯತುಲ್ಲಾ ಸಾವಿರಾರು ಮಾಡಿಸಿದ್ದರು. ಬೇಡವೆನ್ನಲು ಬಾಯಿ ಬರಲಿಲ್ಲ. ನಿಜ ಹೇಳಬೇಕೆಂದರೆ ಒಳಗೊಳಗೇ ಸಂತೋಷವೂ ಆಯಿತು.

ಪಕ್ಕದ ಬೀದಿಯಿಂದ ಕಾಂತರಾಜು ಬಂದ. ಪಂಚಾಯ್ತಿಯ ನಿವೃತ್ತ ಬಿಲ್ ಕಲೆಕ್ಟರ್. ಮಹಜರು ಬರೆಯುವುದೆಂದರೆ ಊಟದ ಎಲೆ ಬಿಟ್ಟು ಬರುವವನು, ಬಿಳಿಹಾಳೆಯ ಜೊತೆಗೆ ಕಾರ್ಬನ್ನನ್ನೂ ತಂದಿದ್ದ. ಎದುರುಮನೆಯ ವಿಶಾಲಾಕ್ಷಮ್ಮ ಕನ್ನಡಕ ಹಾಕಿಕೊಂಡು ಬಂದು ಕೂತರು. ಹಿದಾಯತುಲ್ಲಾ ಲ್ಯಾಪ್‌ಟಾಪು ತೆರೆದು, ತಮ್ಮ ಫೋನಿನ ಇಂಟರ್ನೆಟ್ಟಿಗೆ ಜೋಡಿಸಿ, ಒಟಿಪಿ ಕಳಿಸು ಎಂಬ ಗುಂಡಿ ಒತ್ತಿದರು. ಹುಲಿಗೆಮ್ಮನ ಫೋನು ಕುಯ್ಯೆಂದಿತು. ಆಕೆ ಅದನ್ನು ಸೆರಗಿನೊಳಗೆ ಮುಚ್ಚಿಟ್ಟುಕೊಂಡರು.

"ಹತ್ತು ನಿಮಿಷ ಮಾತ್ರ ಇರುತ್ತೆ," ಅಂದರು ಹಿದಾಯತುಲ್ಲಾ.

ಕಾಂತರಾಜು ಬರೆಯುತ್ತಾ ಹೇಳಿಕೊಳ್ಳತೊಡಗಿದ. "ಅಜ್ಜಂಪುರ ಕಸಬಾ, ಸ್ಟೇಷನ್ ರಸ್ತೆ ವಾಸಿ ಶ್ರೀಮತಿ ಹುಲಿಗೆಮ್ಮನವರ ಮನೆಯ ಮುಂದೆ, ಈ ಕೆಳಗೆ ಸಹಿ ಮಾಡಿರುವ ಪಂಚರಾದ ನಾವು..."

"ಚೆಕ್ಕುಬಂದಿ?" ಅಂದರು ಹಿದಾಯತುಲ್ಲಾ.

"ಯಾತಕ್ಕೆ?"

"ಸ್ಥಳಕ್ಕೆ. ಪೂರ್ವಕ್ಕೇನಿದೆ, ಪಶ್ಚಿಮಕ್ಕೇನಿದೆ, ನಾಲ್ಕೂ ದಿಕ್ಕು ಬರಬೇಕು. ಅದಿಲ್ಲದ ಮಹಜರನ್ನ ನಾನು ಸರ್ವೀಸಲ್ಲಿ ಒಪ್ಕೊಂಡಿಲ್ಲ."

ಪೂರ್ವ, ಪಶ್ಚಿಮ, ದಕ್ಷಿಣ ಸಲೀಸಾಗಿ ಆದವು. ಉತ್ತರಕ್ಕಿರುವುದು ಓಣಿ ಎಂದು ಹುಲಿಗೆಮ್ಮ, ಅದು ತನ್ನ ಮೈದುನ ರೇಣುಕಪ್ರಸಾದನ ಹಿತ್ತಲು ಎಂದು ವಿಶಾಲಾಕ್ಷಮ್ಮ. ಹಿದಾಯತುಲ್ಲಾ ಎದ್ದುಹೋಗಿ ಹೆಜ್ಜೆಹಾಕಿ ಅಳೆದು, ಓಣಿಯೇ ಎಂದು ತೀರ್ಪು ಕೊಟ್ಟು ಬರುವ ಹೊತ್ತಿಗೆ ಒಟಿಪಿ ಸತ್ತು ಆರು ನಿಮಿಷವಾಗಿತ್ತು. ವಿಶಾಲಾಕ್ಷಮ್ಮ ಮುಖ ಗಂಟಿಕ್ಕಿಕೊಂಡು ಮನೆಗೆ ಹೋದರು. ಅವರನ್ನು ಸಮಾಧಾನ ಮಾಡಿ ವಾಪಸು ಕರೆತರಲು ಮುಕ್ಕಾಲು ಗಂಟೆ ಹಿಡಿಯಿತು.

ಎರಡನೆಯದನ್ನು ತರಿಸಿದ್ದು ನಾಲ್ಕೂಮುಕ್ಕಾಲಿಗೆ, ಮಹಜರೆಲ್ಲ ಬರೆದಾದ ಮೇಲೆ.

"ಸದರಿ ಒಟಿಪಿ ಸಂಖ್ಯೆ," ಎಂದು ಕಾಂತರಾಜು ಪೆನ್ನೆತ್ತಿ ನಿಂತ. "ಹೇಳಕ್ಕಾ, ಬರ್ಕೋತೀನಿ."

"ಅಂಕೀಲೂ ಬರೀರಿ, ಅಕ್ಷರದಲ್ಲೂ ಬರೀರಿ," ಅಂದರು ಹಿದಾಯತುಲ್ಲಾ.

"ಯಾರ್ಗೂ ಹೇಳ್ಬಾರ್ದು ಅಂತ ಇದ್ರಲ್ಲೇ ಬರ್ದವ್ನಲ್ಲ," ಅಂದರು ಹುಲಿಗೆಮ್ಮ.

"ಪಂಚರಿಗೆ ಹೇಳ್ಬೋದು."

"ನಾಟಕದಲ್ಲಿ ಅಂಗಿರ್ಲಿಲ್ಲ."

ಸಂಖ್ಯೆಯಿಲ್ಲದೆ ಮಹಜರು ಆಗುವುದಿಲ್ಲ, ಮಹಜರಿಲ್ಲದೆ ಸಂಖ್ಯೆ ಹೇಳುವುದಿಲ್ಲ. ಮಹಜರು ಅಪೂರ್ಣವಾಗಿದ್ದರೆ ಸಹಿ ಹಾಕುವುದಿಲ್ಲವೆಂದು ಹಿದಾಯತುಲ್ಲಾ. ಅವರ ಬ್ಲಾಗನ್ನು ಮುಳುಗಿಸುತ್ತಿರುವ ಕೂಟದಲ್ಲಿ ಅವರೇ ಎಲ್ಲರಿಗಿಂತ ಚುರುಕಾಗಿ ಕೆಲಸ ಮಾಡುತ್ತಿದ್ದರು. ಎರಡನೆಯದೂ ಹೋಯಿತು. ಪರದೆಯ ಮೇಲೆ ಕೆಂಪು ಅಕ್ಷರ ಮೂಡಿತು: ಇನ್ನೊಂದೇ ಅವಕಾಶ.

ಐದು ಗಂಟೆ ಐದು ನಿಮಿಷ. ಹಿದಾಯತುಲ್ಲಾ ಕನ್ನಡಕ ತೆಗೆದು ಒರೆಸಿದರು. ಕಣ್ಣಿನ ಆಪರೇಷನ್ನು ಆದ ಮೇಲೆ ಅವರಿಗೆ ಕನ್ನಡಕ ಬೇಕಿರಲಿಲ್ಲ. ಒರೆಸುವ ಅಭ್ಯಾಸಕ್ಕಾಗಿ ಇಟ್ಟುಕೊಂಡಿದ್ದರು.

"ಅದ್ರಲ್ಲಿ ಅಂಥಾದ್ದೇನೈತೆ ಸಾಬ್ರೇ?" ಅಂದರು ಹುಲಿಗೆಮ್ಮ, ಈ ಸಲ ಸ್ವಲ್ಪ ಮೆತ್ತಗೆ.

"ನನ್ನ ಜೊತೆ ಸರಪಳಿ ಹಿಡೀತಿದ್ದ ಒಬ್ಬ ಇದ್ದ, ಗಿರಿಯಪ್ಪ ಅಂತ. ಅವನ ಮಾತಿದೆ. ಅವನಿಲ್ಲ."

ಹಿದಾಯತುಲ್ಲಾ ಕಾಂತರಾಜುವಿನ ಕಟ್ಟಿನಿಂದ ಒಂದು ಹೊಸ ಹಾಳೆ ಎಳೆದುಕೊಂಡರು. ತಳದಲ್ಲಿ ತಮ್ಮ ಪೂರ್ತಿ ಹೆಸರಿನ ಸಹಿ ಹಾಕಿದರು. ಮೇಲೆ ಒಂದಕ್ಷರವೂ ಇರಲಿಲ್ಲ. "ಮಹಜರು ಆಮೇಲೆ ಏನು ಬೇಕಾದರೂ ಬರ್ಕೊಳ್ಳಿ."

ಹುಲಿಗೆಮ್ಮ ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿದರು. "ಕಾಂತ್ರಾಜಣ್ಣ, ಸರ್ಕಾರಿ ಮನುಷ್ಯ ಖಾಲಿ ಹಾಳೆಗೆ ಸೈನು ಹಾಕಿದ್ದು ಎಲ್ಲಾದ್ರೂ ಕಂಡಿದ್ಯಾ?"

"ನಮ್ಮ ಕೈಲಿ ಹಾಕಿಸ್ಕೊಂಡಿದ್ದು ಕಂಡಿದೀನಿ," ಅಂದ ಕಾಂತರಾಜು.

ಹುಲಿಗೆಮ್ಮ ಕೈಯನ್ನು ಸೀರೆಗೆ ಒರೆಸಿಕೊಂಡರು. "ಆ ಡಬ್ಬ ಇಲ್ಲಿ ಕೊಡಿ. ನಾನು ಹೇಳಕ್ಕಿಲ್ಲ. ನಾನೇ ಒತ್ತೀನಿ. ನೀವೆಲ್ಲ ಅತ್ತ ತಿರುಕ್ಕೊಳ್ಳಿ."

ಹಿದಾಯತುಲ್ಲಾ ಕೊನೆಯ ಸಲ ಒಟಿಪಿಯ ಗುಂಡಿ ಒತ್ತಿ ಲ್ಯಾಪ್‌ಟಾಪನ್ನು ಆಕೆಯ ಮುಂದಿಟ್ಟರು. ಮೂವರು ಹಿರಿಯರು ರೈಲ್ವೆ ಹಳಿಯ ಕಡೆಗೆ ಮುಖ ಮಾಡಿ ನಿಂತರು. ಬೆನ್ನ ಹಿಂದೆ ಫೋನು ಕುಯ್ಯೆಂದಿತು. ಒಂದೊಂದು ಗುಂಡಿಯ ಸದ್ದೂ ಬಿಡಿಬಿಡಿಯಾಗಿ ಕೇಳಿಸಿತು. ಐದಾದ ಮೇಲೆ ನಿಂತುಹೋಯಿತು.

"ಸೊನ್ನೆ ಎಲ್ಲೈತೆ?"

"ಒಂಬತ್ತರ ಪಕ್ಕ."

"ಹೇಳ್ಸೇ ಬಿಟ್ರಲ್ಲ ಕೊನೇದ್ನ," ಎಂದು ಗೊಣಗಿ ಹುಲಿಗೆಮ್ಮ ಒತ್ತಿದರು.

ಖಾತೆ ತೆರೆಯಿತು. ಹಿದಾಯತುಲ್ಲಾ ಹಳೆಯ ನಂಬರು ತೆಗೆದು ಹೊಸದು ಹಾಕಿದರು, ನವೀಕರಣಕ್ಕೆ ಕಾರ್ಡಿನ ವಿವರ ತುಂಬಿದರು. ಅದಕ್ಕೆ ಅವರ ಫೋನಿಗೊಂದು ಒಟಿಪಿ ಬಂದಾಗ, ಯಾರೂ ಹೇಳದೆಯೇ ಉಳಿದ ಮೂವರು ಮತ್ತೆ ಹಳಿಯ ಕಡೆ ತಿರುಗಿದರು. ಐದೂ ಇಪ್ಪತ್ತಕ್ಕೆ ಬಿಳಿಯ ಹೆಂಗಸು ಮಾಯವಾಗಿ 'ಹದ್ದುಬಸ್ತು' ಕಾಣಿಸಿತು. ಗಿರಿಯಪ್ಪನ ಫೋಟೊ ಬಂತು, ತಲೆಗೆ ಟವಲು ಸುತ್ತಿಕೊಂಡು, ಯಾರನ್ನೋ ಬಯ್ಯಲು ಬಾಯಿ ತೆರೆದ ಹಾಗೆ. ಹಿದಾಯತುಲ್ಲಾ ಅದನ್ನೇ ನೋಡುತ್ತಾ ಕೂತುಬಿಟ್ಟರು.

ವಿಶಾಲಾಕ್ಷಮ್ಮ ಅಷ್ಟರಲ್ಲಿ ತಮ್ಮ ಫೋನಿನಲ್ಲಿ ಬ್ಲಾಗು ತೆರೆದು, ಹುಡುಕುವ ಜಾಗದಲ್ಲಿ ಊರಿನ ಹೆಸರು ಹಾಕಿದ್ದರು. ಸಿಕ್ಕಿದ್ದನ್ನು ಗಟ್ಟಿಯಾಗಿ ಓದಿದರು: "ಗಡಿಕಲ್ಲು ಒಪ್ಪಿಗೆಯಾಗದಿದ್ದರೆ ಕಡೂರಿನವರು ಅರ್ಜಿ ಕೊಡುತ್ತಾರೆ, ತರೀಕೆರೆಯವರು ವಕೀಲರನ್ನು ಹಿಡಿಯುತ್ತಾರೆ. ಅಜ್ಜಂಪುರದವರು ಕಲ್ಲನ್ನೇ ಹೊತ್ತುಕೊಂಡು ಹೋಗಿ ಬಟ್ಟೆ ಒಗೆಯಲು ಹಾಕಿಕೊಳ್ಳುತ್ತಾರೆ."

ಮೂವರೂ ಮೊದಲು ಹಿದಾಯತುಲ್ಲಾ ಅವರನ್ನು ನೋಡಿದರು. ಆಮೇಲೆ ಸಹಿ ಬಿದ್ದಿದ್ದ ಖಾಲಿ ಹಾಳೆಯನ್ನು ನೋಡಿದರು. ಕಾಂತರಾಜು ಪೆನ್ನಿನ ಮುಚ್ಚಳ ತೆಗೆದ.

"ಅದ್ನ ಅಳಿಸ್ತೀನಿ ಅಂತ ಬರ್ಕೊಳ್ಲಾ ಅಕ್ಕಾ?"

"ಅಳಿಸೋ ಪದ್ಧತಿ ಇಲ್ಲ," ಅಂದರು ಹಿದಾಯತುಲ್ಲಾ. "ಅಳತೆ ತಪ್ಪು ಅಂದ್ರೆ ಆಕ್ಷೇಪಣೆ ಕೊಡಿ. ಅದರ ಕೆಳಗೇ ದಾಖಲು ಮಾಡ್ತೀನಿ. ಒಂದಕ್ಷರ ಬಿಡಲ್ಲ."

ಹುಲಿಗೆಮ್ಮ ಯೋಚಿಸಿ, ತಲೆಯಾಡಿಸಿದರು. ಕಾಂತರಾಜು ಹಾಳೆಯಲ್ಲಿ ಅದನ್ನೇ ಬರೆದ. ಹುಲಿಗೆಮ್ಮ ಗೋಣಿತಾಟಿನ ಮೇಲೆ ಚಕ್ಕಳಮಕ್ಕಳ ಕೂತು ಶುರುಮಾಡಿದರು. ಹಿದಾಯತುಲ್ಲಾ ಟೈಪು ಮಾಡುತ್ತಾ ಹೋದರು.

"ಆ ಕಲ್ಲು ನಾವು ಬಟ್ಟೆ ಒಗೆಯೋಕೆ ತಂದಿದ್ದಲ್ಲ. ಸರ್ವೇರು ಅದನ್ನ ನೆಟ್ಟಿದ್ದೇ ನಾವು ಬಟ್ಟೆ ಒಗೆಯೋ ಜಾಗದಲ್ಲಿ. ಬರ್ಕೊಂಡ್ರಾ? ನಮ್ಮಜ್ಜಿ ಕಾಲದಿಂದ ಒಗೀತಾ ಇದ್ವಿ. ಆತ ನಿದ್ದೆಗಣ್ಣಲ್ಲಿ ಬಂದು ನೆಟ್ಟು ಹೋದ. ನಿದ್ದೆಗಣ್ಣು ಅನ್ನೋದ್ನ ಬಿಡ್ಬೇಡಿ."

"ಬಿಟ್ಟಿಲ್ಲ."

ಆಕ್ಷೇಪಣೆ ಮೂಲ ಬರಹದ ಮೂರರಷ್ಟಾಯಿತು. ಕೊನೆಗೆ ಹುಲಿಗೆಮ್ಮ, "ಕೆಳಗೆ ನನ್ನ ಹೆಸ್ರು, ಫೋನ್ ನಂಬ್ರು ಹಾಕಿ," ಅಂದರು.

"ಹೆಸರು ಹಾಕ್ತೀನಿ. ನಂಬರು ಬೇಡ ತಾಯಿ. ಲೋಕದಲ್ಲಿರೋ ಕಳ್ಳರೆಲ್ಲ ಫೋನು ಮಾಡಿ ಒಟಿಪಿ ಕೇಳ್ತಾರೆ."

"ಕೇಳ್ಲಿ ಬಿಡಿ," ಅಂದರು ಹುಲಿಗೆಮ್ಮ, ಕುಡುಗೋಲು ಎತ್ತಿಕೊಂಡು. "ಮಾಜರಿಗೆ ಬನ್ನಿ ಅಂತೀನಿ."