ಮೇಲಿನ ಲೋಕದ ಮೋರಿ

"ಸತ್ತಮೇಲೂ ನಾತ ಬಿಟ್ಟಿಲ್ಲವಲ್ಲೋ ನಿನ್ನ. ದೂರ ನಿಲ್ಲು, ಬೋಳಿಮಗನೆ," ಎಂದ ಹೆಬ್ಬಾಗಿಲ ಕಾವಲುಗಾರ, ಮೂಗಿಗೆ ತೋಳು ಅಡ್ಡ ಹಿಡಿದು.

ಅಣ್ಣ ದೂರ ನಿಂತ. ಚಡ್ಡಿಯಿಂದ ಕರಿನೀರು ತೊಟ್ಟಿಕ್ಕುತ್ತಿತ್ತು. ಬೆಳಿಗ್ಗೆ ಮಾಲೀಕನ ಕಾರ್ಖಾನೆಯ ಮಲದ ಗುಂಡಿಗೆ ಇಳಿದವನು ಅಲ್ಲಿನ ವಿಷಗಾಳಿಗೆ ಉಸಿರುಗಟ್ಟಿ ಬಿದ್ದಿದ್ದ. ಅವನನ್ನು ಮೇಲೆಳೆಯಲೆಂದು ಇಳಿದ ತಮ್ಮ ಅವನ ಮೇಲೆಯೇ ಬಿದ್ದಿದ್ದ. ಈಗ ಇಬ್ಬರೂ ಮೇಲಿನ ಲೋಕದ ಬಾಗಿಲಲ್ಲಿದ್ದರು.

ಕಾವಲುಗಾರ ತಮ್ಮನತ್ತ ಕೈ ಮಾಡಿದ. "ಇವನು ಅಣ್ಣನ್ನ ಉಳಿಸೋಕೆ ಹೋಗಿ ಸತ್ತವನು. ತ್ಯಾಗಿ. ಒಳಗೆ ಬಿಡಿ."

"ಮತ್ತೆ ನಾನು?" ಅಂದ ಅಣ್ಣ.

"ನೀನು ಸುಮ್ನೆ ಸತ್ತವನು. ಹಿಂದೆ ಮೋರಿ ಇದೆ, ಹೋಗಿ ಬಳಿ."

"ಇಲ್ಲೂ ಮೋರಿನಾ?"

"ಒಳಗಿರೋರು ಉಣ್ಣಲ್ವೇನೋ ಮತ್ತೆ?"

ತಮ್ಮ ತಿರುತಿರುಗಿ ನೋಡುತ್ತಲೇ ಒಳಗೆ ಹೋದ. ಅವನಿಗೆ ಬಿಸಿನೀರು ಹುಯ್ದರು, ಬಿಳಿ ಅಂಗಿ ತೊಡಿಸಿದರು. ಮೋರಿಯ ಜಾಲರಿಯಿಂದ ಅದನ್ನೆಲ್ಲ ನೋಡಿದ ಅಣ್ಣನ ಹೊಟ್ಟೆಗೆ ಕಿಚ್ಚು ಬಿತ್ತು. ಸೊಂಟದ ಮೇಲೆ ಹೊತ್ತು ಬೆಳೆಸಿದ್ದು ತಾನು, ಕೆಲಸ ಕಲಿಸಿದ್ದೂ ತಾನೇ. ತಾನು ಮೊದಲು ಬೀಳದೆ ಹೋಗಿದ್ದರೆ ಈ ನನ್ಮಗ ಎಲ್ಲಿಂದ ತ್ಯಾಗಿಯಾಗುತ್ತಿದ್ದ?

ಒಂದು ದಿನ ತಮ್ಮ ಜಾಲರಿಯ ಹತ್ತಿರ ಕುಕ್ಕರಗಾಲಲ್ಲಿ ಕೂತ. "ಅಣ್ಣಾ, ಉಂಡ್ಯಾ?"

"ದೊಡ್ಡ ಮನುಷ್ಯರು ಇತ್ತ ಬರಬಾರದು. ಅಂಗಿ ಕೊಳೆಯಾಗುತ್ತೆ."

ಅಣ್ಣ ಸಲಿಕೆ ಎತ್ತಿಕೊಂಡು ಬೆನ್ನು ತಿರುಗಿಸಿದ.

ಸ್ವಲ್ಪ ಕಾಲಕ್ಕೆ ಮಾಲೀಕನೂ ಬಂದ, ಮೆತ್ತನೆ ಹಾಸಿಗೆಯಲ್ಲಿ, ನಿದ್ದೆಯಲ್ಲೇ ಸತ್ತು. ಕಾವಲುಗಾರ ನಡು ಬಗ್ಗಿಸಿದ. "ಬನ್ನಿ ಸ್ವಾಮಿ. ಕೈಯಾರೆ ಯಾರನ್ನೂ ಕೊಂದವರಲ್ಲ ನೀವು."

ಮಾಲೀಕ ಬಂದಮೇಲೆ ಮೋರಿ ದಿನಾ ಕಟ್ಟಿಕೊಳ್ಳತೊಡಗಿತು. ಅವನ ಮನೆಯ ಕೆಳಗೆ ಬಳಿಯುತ್ತಿದ್ದಾಗ ಅಣ್ಣನಿಗೆ ಪರಿಚಿತ ದನಿ ಕೇಳಿಸಿತು. "ಮೆತ್ತಗೆ ತಿಕ್ಕೋ, ಹಲ್ಕಾ. ಗುಂಡಿ ಗೋಡೆ ಅಂದ್ಕೊಂಡ್ಯಾ?"

ಜಾಲರಿಗೆ ಕಣ್ಣಿಟ್ಟ. ತಮ್ಮ ನೆಲದಲ್ಲಿ ಕೂತು ಮಾಲೀಕನ ಕಾಲು ತೊಳೆಯುತ್ತಿದ್ದ. ಸುತ್ತ ನಿಂತವರು, "ಕ್ಷಮಿಸೋದು ಅಂದ್ರೆ ಹೀಗಿರಬೇಕು," ಎಂದು ತಲೆದೂಗುತ್ತಿದ್ದರು.

ಅಣ್ಣನಿಗೆ ಮೊದಲು ಹಾಲು ಕುಡಿದಷ್ಟು ಖುಷಿಯಾಯಿತು. ಅನುಭವಿಸಲಿ ಅಂದುಕೊಂಡ. ಆಮೇಲೆ ತಮ್ಮನ ಮುಖ ಕಂಡಿತು. ತುಟಿ ಕಚ್ಚಿಕೊಂಡು, ಉಸಿರು ಬಿಗಿಹಿಡಿದಿದ್ದ, ಗುಂಡಿಗೆ ಇಳಿಯುವಾಗಿನಂತೆ.

"ಲೋ, ಎದ್ದು ಬಾರೋ," ಎಂದು ಜಾಲರಿಯಿಂದಲೇ ಕರೆದ.

"ಬಂದ್ರೆ ಮತ್ತೆ ಒಳಗೆ ಬಿಡಲ್ಲ ಅಣ್ಣಾ."

"ಬಿಡದಿದ್ರೆ ಕತ್ತೆಬಾಲ. ಬಾ."

ಚೊಂಬು ಅಲ್ಲೇ ಉರುಳಿತು. ತಮ್ಮ ಹಿಂಬಾಗಿಲಿಂದ ಹೊರಬಂದ. ಇಬ್ಬರೂ ಸೇರಿ ಮೋರಿಯ ಬಾಯಿಗೆ ಚಪ್ಪಡಿ ಎಳೆದರು, ಮೇಲೆ ಒತ್ತಿಕೊಂಡು ಕೂತರು.

ಒಳಗಿನದೆಲ್ಲ ಒಳಗೇ ಉಕ್ಕಿತು. ಬಿಳಿ ಅಂಗಿಗಳು ಮೇಜು ಹತ್ತಿದವು. ಕಾವಲುಗಾರ ದೊಣ್ಣೆ ಹಿಡಿದು ಬಂದ, ಇಬ್ಬರನ್ನೂ ಬಡಿದ, ಅವರು ಏಳಲಿಲ್ಲ. ಕೊನೆಗೆ ಮಾಲೀಕನೇ ಮೊಣಕಾಲುದ್ದ ಹೊಲಸಿನಲ್ಲಿ ನಡೆದು ಬಂದು, "ನಮ್ಮ ಹುಡುಗರಲ್ವೇನ್ರಪ್ಪಾ, ಯಾರಾದ್ರೂ ಒಬ್ಬರು ಇಳೀರಿ," ಎಂದ.

ಅಣ್ಣ ಸಲಿಕೆಯನ್ನು ಅವನ ಮುಂದೆ ಎಸೆದ.

"ನೀವೇ ಇಳೀರಿ ಸ್ವಾಮಿ. ಈಗ ಸಾಯೋ ಭಯ ಇಲ್ವಲ್ಲ."