ಅಟ್ಟದ ಮೇಲಿನ ಕುಂಕುಮದ ಕಾಯಿ

ಬ್ರದರ್ ಜಾಯ್ಸನ್ ಅವರ ಬೆರಳು ತನ್ನತ್ತ ತಿರುಗಿದಾಗ, ಹಿಂದೆ ಕೂತ ಯಾರನ್ನೋ ಕರೆಯುತ್ತಿರಬೇಕು ಎಂದುಕೊಂಡಳು ಜೀವಿತಾ. ಕೊಬ್ಬರಿ ಪುಡಿ ಫ್ಯಾಕ್ಟರಿಯ ಕೆಲಸ ಮುಗಿಸಿ ನೇರವಾಗಿ ತಿಪಟೂರಿನ ಪ್ರಾರ್ಥನಾ ಮಂದಿರಕ್ಕೆ, ಕೂಟದ ಎರಡನೇ ದಿನಕ್ಕೆ ಬಂದಿದ್ದಳು. ದಿನವಿಡೀ ಕಾಯಿಯ ಕಂದು ಸಿಪ್ಪೆ ಹೆರೆದ ಕೈಗಳು ಮಡಿಲಲ್ಲಿ ಸೋತು ಬಿದ್ದಿದ್ದವು. ಕಣ್ಣು ಮುಚ್ಚಿದ್ದು ಪ್ರಾರ್ಥನೆಗೋ ನಿದ್ದೆಗೋ ಅವಳಿಗೇ ಗೊತ್ತಿರಲಿಲ್ಲ.

ಬೆಂಗಳೂರಿನಿಂದ ಬಂದಿದ್ದ ಆ ಪ್ರವಾದಿ ಮೈಕನ್ನು ತುಟಿಗೆ ಒತ್ತಿಕೊಂಡು ನಿಧಾನವಾಗಿ ಹೇಳಿದರು: "ಸಹೋದರಿ, ನಿಮ್ಮ ಮನೇಲಿ ಉಸಿರಾಟಕ್ಕೆ ಕಷ್ಟಪಡೋ ಒಂದು ಮಗು ಇದೆ. ನನಗೆ ಅಟ್ಟ ಕಾಣ್ತಿದೆ. ಅಟ್ಟದ ಮೇಲೆ ಅರಿಸಿನ ಕುಂಕುಮ ಹಚ್ಚಿದ ಒಂದು ತೆಂಗಿನಕಾಯಿ. ಅದನ್ನ ಇಟ್ಟೋಳು ವಯಸ್ಸಾದ ಹೆಂಗಸು. ಅವಳು ಆ ಮನೇಲಿ ಇರೋ ತನಕ ಮಗುವಿನ ಎದೆ ಬಿಡುಗಡೆ ಆಗಲ್ಲ. ಇದು ನನ್ನ ಮಾತಲ್ಲ, ಕರ್ತನ ಮಾತು."

ಸಭೆಯಲ್ಲಿ ಸ್ತೋತ್ರ ಸ್ತೋತ್ರ ಎಂಬ ಗುನುಗು ಎದ್ದಿತು. ಜೀವಿತಾಳ ಮಗಳಿಗೆ ಉಬ್ಬಸವಿತ್ತು. ಮನೆಯಲ್ಲಿದ್ದ ವಯಸ್ಸಾದ ಹೆಂಗಸು ಒಬ್ಬರೇ, ಅತ್ತೆ ಸಿದ್ದಮ್ಮ.

ಹೊನ್ನವಳ್ಳಿಯ ಆ ಮನೆಗೆ ಜೀವಿತಾ ಬಂದದ್ದು ಪರಮೇಶನನ್ನು ಮೆಚ್ಚಿ ಮದುವೆಯಾಗಿ. ಅವಳು ಹುಟ್ಟಿನಿಂದ ಕ್ರೈಸ್ತಳು, ಅವನದು ತೋಟ, ದನ ಎಂದು ಬದುಕಿದ ಹಿಂದೂ ಕುಟುಂಬ. ಮೊದಲ ವರ್ಷ ಸಿದ್ದಮ್ಮ ಸೊಸೆಯೊಂದಿಗೆ ಅಳೆದು ತೂಗಿ ಮಾತಾಡಿದರು. ಮೊಮ್ಮಗಳು ಧನ್ಯಶ್ರೀ ಹುಟ್ಟಿದ ಮೇಲೆ ಅಳೆಯುವುದನ್ನು ಬಿಟ್ಟರು. ಸೊಸೆ ಭಾನುವಾರ ಪ್ರಾರ್ಥನೆಗೆ ಹೊರಟರೆ ಮಗುವಿಗೆ ಜಡೆ ಹಾಕಿ ಕಳಿಸುತ್ತಿದ್ದವರೂ ಅವರೇ.

ಮರುದಿನ ಬೆಳಿಗ್ಗೆ ಅತ್ತೆ ಕೊಟ್ಟಿಗೆಗೆ ಹೋದ ಹೊತ್ತು ನೋಡಿ ಜೀವಿತಾ ಏಣಿ ಹಾಕಿದಳು. ಆ ಸೀಮೆಯ ಎಲ್ಲ ಮನೆಗಳಂತೆ ಅವರ ಅಟ್ಟದಲ್ಲೂ ಕಾಯಿ ತುಂಬಿತ್ತು. ಹೆಚ್ಚುಕಡಿಮೆ ಒಂದು ವರ್ಷ ಹಾಗೇ ಬಿಟ್ಟರೆ ನೀರು ಬತ್ತಿ ಒಳಗಿನ ತಿರುಳು ಕೊಬ್ಬರಿ ಗಿಟುಕಾಗುತ್ತದೆ. ರಾಶಿಯ ಹಿಂದೆ, ಗೋಡೆಯ ಮೂಲೆಯಲ್ಲಿ ಬೇರೆಯಾಗಿ ಒಂದು ಕಾಯಿ ಇತ್ತು. ಅದರ ಮೇಲೆ ಅರಿಸಿನ, ನಡುವೆ ಕುಂಕುಮ. ಅವಳು ಅದನ್ನು ಮುಟ್ಟದೆ ಏಣಿಯಿಂದ ಇಳಿದಳು. ಪ್ರವಾದಿ ಕಂಡದ್ದು ನಿಜ.

ಅಂದಿನಿಂದ ಅವಳು ಧನ್ಯಶ್ರೀಯನ್ನು ಅಜ್ಜಿಯ ಮಡಿಲಿಂದ ಎಳೆದುಕೊಂಡಳು. ಫ್ಯಾಕ್ಟರಿಗೆ ಹೋಗುವಾಗ ಪಕ್ಕದ ಮನೆಯಲ್ಲಿ ಬಿಟ್ಟಳು. ಮಗು ಅತ್ತು ಅತ್ತು ಕೆಮ್ಮು ಹೆಚ್ಚಾಯಿತು, ಹೆಚ್ಚಾದ ಕೆಮ್ಮು ಅವಳ ಹೆದರಿಕೆಗೇ ಸಾಕ್ಷಿ ಹೇಳಿತು. ಕೊನೆಗೆ ಗಂಡನ ಮುಂದೆ ಮಾತು ಇಟ್ಟಳು: ಅತ್ತೆ ದಂಡಿನಶಿವರದ ದೊಡ್ಡ ಮಗನ ಮನೆಗೆ ಹೋಗಲಿ, ಇಲ್ಲವಾದರೆ ತಾನೇ ಮಗುವನ್ನು ಕರೆದುಕೊಂಡು ತವರಿಗೆ ಹೋಗುತ್ತೇನೆ. ಅವ್ವನ ತಪ್ಪೇನು ಎಂದು ಪರಮೇಶ ಒಂದೇ ಸಲ ಕೇಳಿದ. ಕಾಯಿಯ ವಿಷಯ ಅವಳು ಹೇಳಲಿಲ್ಲ. ಭಾನುವಾರ ಅವ್ವನನ್ನು ತನ್ನ ಲಗೇಜ್ ಆಟೋದಲ್ಲಿ ಅಣ್ಣನ ಮನೆಗೆ ಬಿಟ್ಟುಬರುತ್ತೇನೆ ಎಂದು ಊಟ ಬಿಟ್ಟು ಎದ್ದುಹೋದ.

ಸಿದ್ದಮ್ಮ ಸೀರೆಗಳನ್ನು ಮಡಚಿ ಬ್ಯಾಗಿಗೆ ತುಂಬಿದರು.

ಶನಿವಾರ ಜೀವಿತಾ ಪ್ರಾರ್ಥನಾ ಮಂದಿರದ ಪಾಸ್ಟರ್ ಶಾಂತರಾಜು ಅವರನ್ನು ಹುಡುಕಿಕೊಂಡು ಹೋದಳು. ವಯಸ್ಸಾದ ಪಾಸ್ಟರ್ ಕೂಟಕ್ಕೆ ಹಾಸಿದ್ದ ಜಮಖಾನಗಳನ್ನು ಅಂಗಳದಲ್ಲಿ ಕೊಡವುತ್ತಿದ್ದರು. ಅವಳು ಎಲ್ಲವನ್ನೂ ಹೇಳಿ, ತನ್ನ ನಿರ್ಧಾರಕ್ಕೆ ಬಲ ಬರುವಂತೆ ಪ್ರಾರ್ಥಿಸಬೇಕೆಂದು ಕೇಳಿದಳು. ಅವರು ಕಣ್ಣು ಮುಚ್ಚಲಿಲ್ಲ. ಮೆಟ್ಟಿಲ ಮೇಲೆ ಕೂತರು.

"ಕೂಟದ ಮೊದಲ್ನೇ ದಿನ ಧನ್ಯಾನ ಕರ್ಕೊಂಡ್ ಬಂದಿದ್ದೆ, ಅವ್ಳು ಕೆಮ್ಮಿದ್ದು ಆ ಪ್ರವಾದಿಗೂ, ಇಡೀ ಸಭೆಗೂ ಕೇಳಿಸ್ತು. ಇನ್ನು ಅಟ್ಟದ ಮೇಲೆ ಕಾಯಿ ಇಲ್ದಿರೋ ಮನೆ ಹೊನ್ನವಳ್ಳೀಲಿ ಯಾವ್ದಮ್ಮ?"

"ಕಾಯಿ ಇರ್ತವೆ ಅಯ್ಯನೋರೆ. ಕುಂಕುಮ?"

"ಅದು ನಂಗೊತ್ತಿಲ್ಲ" ಎಂದು ಅವರು ಒಪ್ಪಿಕೊಂಡರು. "ಕಂಡಿದ್ದು ನಿಜಾನೇ ಅಂತ ಇಟ್ಕೊ. ಕಂಡಿದ್ದು ನಿಜ ಆದ್ರೆ, ಮಾಡು ಅಂದಿದ್ದೂ ದೇವರ ಮಾತೇ ಅಂತ ಯಾರು ಹೇಳಿದ್ರು?"

ಪ್ರವಾದಿ ಹೇಳಿದ ಗುರುತು ನಿಜವಾದರೂ ಅವನು ದಾರಿ ತಪ್ಪಿಸುತ್ತಿದ್ದರೆ ಕಿವಿಗೊಡಬೇಡಿ ಎಂದು ಮೋಶೆಯ ಕಾಲದಲ್ಲೇ ಎಚ್ಚರಿಕೆ ಇದೆ ಎಂದು ವಿವರಿಸಿದರು. ಫಲ ನೋಡಿ ತಿಳಿಯಿರಿ ಎಂದು ಯೇಸು ಹೇಳಿದ್ದೂ ಇಂಥವರ ವಿಷಯಕ್ಕೇ.

"ಫಲ ಅಂದ್ರೆ ಅಟ್ಟದ ಕಾಯಲ್ಲ ಕಣಮ್ಮ. ಆ ಮಾತು ನಿನ್ನ ಮನೇಲಿ ಏನು ಬೆಳೀತು?"

ಜೀವಿತಾಳಿಗೆ ಅಳುವ ಮಗು, ಉಣ್ಣದೆ ಎದ್ದ ಗಂಡ, ಬ್ಯಾಗಿಗೆ ಹೋದ ಸೀರೆಗಳು ಕಂಡವು. "ಭಯ" ಎಂದಳು.

"ತಂದೆ ತಾಯೀನ ಸನ್ಮಾನಿಸು ಅಂದ ದೇವ್ರು, ಮುದುಕೀನ ಆಚೆ ಹಾಕು ಅಂತ ಇನ್ನೊಬ್ಬನ ಬಾಯಲ್ಲಿ ಹೇಳಿ ಕಳಿಸ್ತಾನಾ?"

ಅಷ್ಟು ದಿನ ಅದುಮಿಟ್ಟಿದ್ದ ಪ್ರಶ್ನೆ ಆಗ ಹೊರಬಂತು. "ಮಾತು ಮೀರಿ ಮಗೂಗೆ ಏನಾದ್ರೂ ಆದ್ರೆ ಅಯ್ಯನೋರೆ?"

"ಪ್ರವಾದಿ ಮಾತನ್ನ ಪರೀಕ್ಷೆ ಮಾಡಿ ಅಂತ ಸಭೆಗೇ ಅಪ್ಪಣೆ ಇದೆ. ಅಪ್ಪಣೆ ಕೊಟ್ಟೋನು ಅದನ್ನ ಮಾಡಿದ್ದಕ್ಕೆ ಮಗೂಗೆ ಶಿಕ್ಷೆ ಕೊಡಲ್ಲ ತಾಯಿ. ಧೈರ್ಯವಾಗಿರು. ಡಾಕ್ಟರ್ ಕೊಟ್ಟಿದ್ದನ್ನ ಹೊತ್ತಿಗೆ ಸರಿಯಾಗಿ ಕೊಡು." ಮತ್ತೆ ಜಮಖಾನ ಎತ್ತಿಕೊಳ್ಳುತ್ತ ಕೇಳಿದರು, "ಅದ್ಸರಿ, ಕಾಯಿ ಯಾಕಿಟ್ರಿ ಅಂತ ನಿಮ್ಮತ್ತೇನ ಕೇಳ್ದೆಯಾ?"

ಕೇಳಿರಲಿಲ್ಲ.

ಮನೆಗೆ ಬಂದಾಗ ಸಿದ್ದಮ್ಮ ಪಡಸಾಲೆಯಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. ಜೀವಿತಾ ಎದುರು ಕೂತು, ತಲೆ ತಗ್ಗಿಸಿಕೊಂಡೇ ಅಟ್ಟದ ಕಾಯಿಯ ವಿಷಯ ಎತ್ತಿದಳು.

ಸಿದ್ದಮ್ಮನ ಕೈ ನಿಂತಿತು. ಕಳ್ಳತನದಲ್ಲಿ ಸಿಕ್ಕಿಬಿದ್ದವರಂತೆ ಮುಖ ಸಣ್ಣದಾಯಿತು. "ನೋಡ್ಬುಟ್ಟಾ? ಅದುಕ್ಕಾ ಮುನಿಸು? ಅಟ್ಟ ತುಂಬೋವಾಗ ಮೊದಲ್ನೇ ಕಾಯಿಗೆ ಅರಿಸ್ನ ಕುಂಕ್ಮ ಇಕ್ಕೋದು ನಮ್ಮತ್ತೆ ಕಾಲದ್ದು ಕಣವ್ವ. ಕಾಯಿ ಕೊಳೀದೇ ಇರ್ಲಿ ಅಂತ. ಮುಂದೆ ಇಕ್ಕಿದ್ರೆ ನಿನ್ ಕಣ್ಣಿಗೆ ಬಿದ್ದು ಬೇಜಾರು ಮಾಡ್ಕೊತೀಯಾ ಅಂತ ಹಿಂದಕ್ಕೆ ಸರಿಸಿದ್ದೆ. ತೆಗೆದಾಕ್ತೀನಿ ಬುಡು."

ತನಗೆ ನೋವಾಗಬಾರದೆಂದು ಬಚ್ಚಿಟ್ಟದ್ದನ್ನೇ ತಾನು ಮಾಟವೆಂದು ನಂಬಿದ್ದಳು. ಜೀವಿತಾ ಅತ್ತಳು. ಅಳುತ್ತಲೇ ಪ್ರವಾದಿ ಹೇಳಿದ್ದನ್ನೆಲ್ಲ ಹೇಳಿಬಿಟ್ಟಳು. ಸಿದ್ದಮ್ಮ ಕೇಳಿ ಮುಗಿಸಿ ಹೊಲದ ಕಡೆ ಮುಖ ತಿರುಗಿಸಿದರು. ಆಮೇಲೆ ಸೆರಗಿನಿಂದ ಮೂಗು ಒರೆಸಿಕೊಂಡರು.

"ಇನ್ಮೇಲೆ ಏನಿದ್ರೂ ನನ್ನೇ ಕೇಳವ್ವ. ಅಲ್ಲ ಕಣೇ, ಅಲ್ಲಿ ಕುಂತೋನ್ಗೆ ನಮ್ ಅಟ್ಟ ಕಾಣ್ತದೆ, ನನ್ ಮಂಡಿ ನೋವು ಕಾಣ್ಲಿಲ್ವಾ?"

ಜೀವಿತಾಳಿಗೆ ಅಳುವಿನ ನಡುವೆಯೇ ನಗು ಬಂತು. ಎದ್ದುಹೋಗಿ ಬ್ಯಾಗಿನಿಂದ ಸೀರೆಗಳನ್ನು ತೆಗೆದು ಗೂಟಕ್ಕೆ ಹಾಕಿದಳು. ಕಾಯಿ ಇದ್ದಲ್ಲೇ ಇರಲಿ, ಅದಕ್ಕೆ ತಾನೂ ಹೆದರುವುದಿಲ್ಲ, ನೀವೂ ಬಚ್ಚಿಡಬೇಡಿ ಎಂದಳು.

ಭಾನುವಾರದ ಆರಾಧನೆಯಲ್ಲಿ ಶಾಂತರಾಜು, ಆ ಕೂಟದ ದಿನ ತಾನೇ ಎದ್ದು ಪ್ರಶ್ನಿಸಬೇಕಿತ್ತು ಎಂದು ಸಭೆಯ ಮುಂದೆ ಹೇಳಿದರು. ಹೊರಗೆ ಬಂದ ಮೇಲೆ ಫ್ಯಾಕ್ಟರಿಯ ಗೆಳತಿ ಸೌಂದರ್ಯ ಜೀವಿತಾಳ ತೋಳು ಹಿಡಿದಳು. ಅದೇ ಪ್ರವಾದಿ ತುರುವೇಕೆರೆಯ ಕೂಟದಲ್ಲಿ ಅವಳ ಮನೆಯಲ್ಲೂ ಅಟ್ಟ, ಕುಂಕುಮದ ಕಾಯಿ, ಮುದುಕಿ ಎಲ್ಲವನ್ನೂ ಕಂಡಿದ್ದರಂತೆ.

"ನಮ್ದು ಶೀಟಿನ ಮನೆ ಬ್ರದರ್, ಅಟ್ಟಾನೇ ಇಲ್ಲ ಅಂದೆ ಕಣೇ. ಒಂದ್ ಗಳಿಗೆ ತಬ್ಬಿಬ್ಬಾಗಿ, ಅದು ನಿಮ್ಮ ಹೃದಯದ ಅಟ್ಟ ಸಹೋದರಿ ಅಂದ್ಬುಟ್ರು."

ಇಬ್ಬರೂ ಗೇಟಿನ ಕಂಬ ಹಿಡಿದು ನಕ್ಕರು.

ಗೇಟಿನಾಚೆ ಪರಮೇಶ ಆಟೋ ನಿಲ್ಲಿಸಿದ್ದ. ಮುಂದಿನ ಸೀಟಿನಲ್ಲಿ ಸಿದ್ದಮ್ಮ, ಅವರ ಮಡಿಲಲ್ಲಿ ಧನ್ಯಶ್ರೀ. ಅವ್ವ ಬರುತ್ತಾಳೆಂದು ದಂಡಿನಶಿವರದಲ್ಲಿ ಅಣ್ಣ ಹುಚ್ಚಣ್ಣ ಬೆಳಿಗ್ಗೆಯೇ ಕೋಳಿ ಕುಯ್ದಿದ್ದನಂತೆ, ಇನ್ನು ಹೋಗದೆ ವಿಧಿಯಿಲ್ಲ. ಎಲ್ಲರೂ ಹೋಗಿ ಉಂಡು, ಸಂಜೆಗೆ ಎಲ್ಲರೂ ವಾಪಸು ಬರುವುದೆಂದು ಸಿದ್ದಮ್ಮನೇ ತೀರ್ಮಾನಿಸಿದ್ದರು. ಜೀವಿತಾ ಆಟೋದ ಹಿಂಬದಿಗೆ ಹತ್ತಿ, ಅಲ್ಲಿದ್ದ ಚೀಲಗಳಿಗೆ ಒರಗಿದಳು. ದಾರಿಯ ಕೆ.ಬಿ. ಕ್ರಾಸ್ ಬರುವಷ್ಟರಲ್ಲಿ, ಆ ಕುಲುಕಾಟದಲ್ಲೂ, ಎಷ್ಟೋ ದಿನಗಳಿಂದ ಬಾರದಿದ್ದ ನಿದ್ದೆ ಬಂದಿತ್ತು.