ಏಳರ ಮುಂದೆ ಬರೆದದ್ದು

ಕುಮಟಾದ ಝೆರಾಕ್ಸ್ ಅಂಗಡಿಯಲ್ಲಿ ಡಿಟಿಪಿ ಮಾಡುತ್ತಿದ್ದ ದಿವಾಕರನಿಗೆ ಎರಡೇ ಹುಚ್ಚು. ಒಂದು, ಎದುರಿನ ಎಸ್‌ಟಿಡಿ ಬೂತಿನಲ್ಲಿ ಕೂರುತ್ತಿದ್ದ ತದಡಿಯ ಹೊನ್ನಿ. ಇನ್ನೊಂದು, ಮುಂಬೈಯಿಂದ ಬಂದಿದ್ದ ಗೆಳೆಯನೊಬ್ಬ ಕಲಿಸಿ ಹೋದ ಕಥೆಯಾಟ. ಮೇಜಿನ ಸುತ್ತ ಕೂತು, ಒಬ್ಬೊಬ್ಬರೂ ಒಂದೊಂದು ಪಾತ್ರವಾಗಿ, ದಾಳ ಉರುಳಿಸುತ್ತ ಕಥೆಯನ್ನು ಮುಂದಕ್ಕೆ ಒಯ್ಯುವ ಆಟ. ಅದರ ಇಂಗ್ಲಿಷ್ ಪುಸ್ತಕದ ತುಂಬ ಹಿಮ, ಕೋಟೆ, ರಾಜಕುಮಾರರು. ತಮ್ಮ ಪಾತ್ರ ಸತ್ತರೂ ಆಡುವವರು ಚುರುಮುರಿ ತಿನ್ನುತ್ತ ನಗುತ್ತಿದ್ದರು.

ಹಿಂದುಮುಂದು ಇಲ್ಲದ ಪಾತ್ರಕ್ಕೆ ಯಾರು ಅಳುತ್ತಾರೆ ಎನಿಸಿತು ದಿವಾಕರನಿಗೆ. ಎರಡು ಸಾವಿರದ ಎರಡನೆಯ ಇಸವಿಯ ಚೌತಿ ಕಳೆದ ಮೇಲೆ ತಾನೇ ಪಟ್ಟಿ ಮಾಡಲು ಕೂತ. ಎರಡು ದಾಳ ಎಸೆಯಬೇಕು. ಬಿದ್ದ ಮೊತ್ತದ ಮುಂದೆ ಇರುವುದೇ ಆ ಪಾತ್ರದ ಪೂರ್ವಕಥೆ. ಎಲ್ಲಿ ಹುಟ್ಟಿದೆ, ಯಾವ ಕೆಲಸ ಕಲಿತೆ ಎಂಬ ಎರಡು ಪಟ್ಟಿ ಸಲೀಸಾಗಿ ಆದವು. ಮೂರನೆಯದು, ಯಾರಿಗೂ ಹೇಳದೆ ಬಚ್ಚಿಟ್ಟದ್ದೇನು? ಅಲ್ಲಿ ಏನು ಬರೆದರೂ ಸಿನಿಮಾದಂತೆ ಕಂಡು ಹೊಡೆದುಹಾಕುತ್ತಿದ್ದ.

ಅದೇ ವಾರ ತದಡಿಯಲ್ಲಿ ದೋಣಿ ಕಟ್ಟುವ ಧಕ್ಕೆಯ ಮೇಲೆ ಇಬ್ಬರೂ ಕೂತಾಗ ಹೊನ್ನಿ ತನ್ನ ಅಣ್ಣ ಶುಕ್ರನ ಸುದ್ದಿ ತೆಗೆದಳು. ಹತ್ತು ವರ್ಷದ ಹಿಂದೆ, ತಾನು ಎತ್ತಿಟ್ಟಿದ್ದ ಬಂಗಡೆ ಮೀನಿನ ತುಂಡನ್ನು ಅವನು ತಿಂದನೆಂದು ಜಗಳ ತೆಗೆದು, ಮೀನಿಗೆ ಹೊರಟವನಿಗೆ "ಹೋಗು, ತಿರುಗಿ ಬರೂದೇ ಬೇಡ" ಅಂದಿದ್ದಳಂತೆ. ದೋಣಿ ಬಂತು, ಶುಕ್ರ ಬರಲಿಲ್ಲ.

"ಅವ್ವಂಗೂ ಹೇಳಿಲ್ಲ. ನಿಂಗೊಬ್ಬಂಗೇ."

ದಿವಾಕರ ಅವಳ ಕೈ ಹಿಡಿದುಕೊಂಡ. ಅವನ ಕಣ್ಣೂ ತುಂಬಿತ್ತು, ಅದು ಸುಳ್ಳಲ್ಲ. ಆದರೆ ಮನೆಗೆ ಹೋದವನೇ ಅದನ್ನು ಪಟ್ಟಿಗೆ ಬರೆದುಬಿಟ್ಟ. ಎರಡು ದಾಳಕ್ಕೆ ಹೆಚ್ಚು ಸಲ ಬೀಳುವುದು ಏಳು. ಎಲ್ಲಕ್ಕಿಂತ ನಿಜವಾದ ಸಾಲು ಹೆಚ್ಚು ಸಲ ಬರಲಿ ಎಂದು ಏಳರ ಮುಂದೆಯೇ ಇಟ್ಟ. ಹೆಸರಿಲ್ಲವಲ್ಲ, ಯಾರಿಗೆ ಗೊತ್ತಾಗುತ್ತದೆ?

ಹೊಸ ಪಟ್ಟಿ ತೋರಿಸುವ ಹುರುಪಿನಲ್ಲಿ ಆ ಭಾನುವಾರ ಹೊನ್ನಿಯನ್ನೂ ಆಟಕ್ಕೆ ಕರೆದ. ಆ ಸಾಲಿನ ಮಾತು ಅವಳಿಗೆ ಮೊದಲೇ ಹೇಳಬೇಕೆಂದು ಅವನಿಗೆ ಹೊಳೆಯಲೇ ಇಲ್ಲ. ಗೆಳೆಯ ಪ್ರಕಾಶ ದಾಳ ಎಸೆದ. ನಾಲ್ಕು, ಮೂರು. ಹಾಳೆ ಎತ್ತಿಕೊಂಡು ನಾಟಕದ ದನಿಯಲ್ಲಿ ಓದಿದ. ಓದಿ ಎದೆ ಬಡಿದುಕೊಂಡ.

"ಅಯ್ಯೋ ಮಾರಾಯ, ಒಂದು ಬಂಗಡೆ ತುಂಡಿಗೆ ಅಣ್ಣನ್ನ ಕೊಂದೆನಲ್ಲೋ!"

ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ಹೊನ್ನಿ ಅವನ ಕೈಯಿಂದ ಹಾಳೆ ತೆಗೆದುಕೊಂಡು ನೋಡಿದಳು.

"ಏಳಕ್ಕೇ ಎಂತಕೆ ಹಾಕಿದೆ?"

ದಿವಾಕರನ ಬಾಯಿಗೆ ಸುಳ್ಳು ಬರಲಿಲ್ಲ. "ಅದೇ ಹೆಚ್ಚು ಸಲ ಬೀಳೂದು."

ಅವಳು ಹಾಳೆಯನ್ನು ಮೇಜಿನ ಮೇಲಿಟ್ಟು ಚಪ್ಪಲಿ ಮೆಟ್ಟಿಕೊಂಡು ನಡೆದಳು. ವಾರದೊಳಗೆ ಬೂತಿನ ಕೆಲಸ ಬಿಟ್ಟು ಹೊನ್ನಾವರದ ಚಿಕ್ಕಮ್ಮನ ಮನೆ ಸೇರಿದಳೆಂದು ತಿಳಿಯಿತು. ದಿವಾಕರ ಬಸ್ಸು ಹತ್ತಿ ಅಲ್ಲಿಗೆ ಹೋದ. ಹೊನ್ನಿ ಬಾಗಿಲಿಗೆ ಬಂದಳು, ಒಳಗೆ ಕರೆಯಲಿಲ್ಲ.

"ತಪ್ಪಾತು ಹೊನ್ನಿ. ಆ ಹಾಳೆ ಹರಿದು ಒಲೆಗೆ ಹಾಕ್ದೆ."

"ಹಾಕಿದ್ರೆ ಎಂತ ಆತು? ಇಷ್ಟು ವರ್ಷ ಕಣ್ಣು ಮುಚ್ಚಿದ್ರೆ ಅಣ್ಣನ ಮೋರೆ ಬರ್ತಿತ್ತು. ಈಗ ನಿಮ್ಮ ನಗು ಕೇಳ್ತದೆ."

"ನಾ ಕೆಟ್ಟ ಮನಸ್ಸಿಂದ ಬರೀಲಿಲ್ಲ."

"ಗೊತ್ತು ನಂಗೆ. ಕೆಟ್ಟವ ಆಗಿದ್ರೆ ಬೈದು ಮರೀತಿದ್ದೆ." ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು. "ಇನ್ನು ಬರಬೇಡ ದಿವಾಕರ. ನಿನ್ನ ಕೂಡೆ ಮಾತಾಡೂಕೆ ಹೆದರಿಕೆ ಆಗ್ತದೆ."

ಬಾಗಿಲು ಮೆಲ್ಲಗೆ ಮುಚ್ಚಿತು. ಬಸ್‌ಸ್ಟ್ಯಾಂಡಿನಲ್ಲಿ ಕಂಡಕ್ಟರು "ಕುಮಟಾ, ಕುಮಟಾ" ಎಂದು ಕೂಗಿ ಕೂಗಿ ಎರಡು ಬಸ್ಸು ಹೊರಟುಹೋದವು. ದಿವಾಕರ ಕಲ್ಲುಬೆಂಚಿನಿಂದ ಏಳಲಿಲ್ಲ. ಪಕ್ಕದಲ್ಲಿ ಬುಟ್ಟಿ ಇಟ್ಟುಕೊಂಡು ಕೂತಿದ್ದ ಮುದುಕಿ ಅವನ ಮುಖ ನೋಡಿ, "ಎಂತ ಆತು ತಮಾ?" ಎಂದು ಕೇಳಿದಳು. ಹೇಳಲು ಬಾಯಿ ತೆರೆದವನು, ಹೇಳಿದರೆ ಬಂಗಡೆ ತುಂಡಿನಿಂದಲೇ ಶುರು ಮಾಡಬೇಕೆಂದು ಹೊಳೆದು, ಏನಿಲ್ಲವೆಂದು ತಲೆಯಾಡಿಸಿದ.